ಗೂಡಿಗೆ ಮರಳದ ನೊಣದ ಲೆಕ್ಕ

2006ರ ನವೆಂಬರ್ ತಿಂಗಳು. ಪೆನ್ಸಿಲ್ವೇನಿಯಾದ ಜೇನು ಕೃಷಿಕರೊಬ್ಬರು ಚಳಿಗಾಲ ಕಳೆಯಲೆಂದು ಫ್ಲಾರಿಡಾಗೆ ಸಾಗಿಸಿದ್ದ ತಮ್ಮ ಪೆಟ್ಟಿಗೆಗಳನ್ನು ನೋಡಲು ಹೋದರು. ಒಂದೊಂದೇ ಮುಚ್ಚಳ ಎತ್ತಿದಂತೆ ಕಂಡದ್ದು ವಿಚಿತ್ರ ನೋಟ. ಎರಿಗಳಲ್ಲಿ ಜೇನು ಹಾಗೇ ತುಂಬಿತ್ತು. ಪರಾಗದ ದಾಸ್ತಾನೂ ಇತ್ತು. ಮೇಣದ ಮುಚ್ಚಳ ಹೊದ್ದ ಕೋಣೆಗಳಲ್ಲಿ ಮರಿಗಳಿದ್ದವು. ರಾಣಿ ಇತ್ತು, ಅದರ ಸುತ್ತ ಮುಷ್ಟಿಯಷ್ಟು ಎಳೆಯ ನೊಣಗಳಿದ್ದವು. ದುಡಿಯುವ ನೊಣಗಳು ಮಾತ್ರ ಇರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಹೆಣಗಳಿಲ್ಲ, ಎದುರಿನ ನೆಲದಲ್ಲೂ ಇಲ್ಲ. ಮರಿಗಳನ್ನು ಹಿಂದೆ ಬಿಟ್ಟು ಗೂಡು ತೊರೆಯುವುದು ಜೇನಿನ ಜಾಯಮಾನವಲ್ಲ. ಕಾವಲಿಲ್ಲದ ಜೇನು ಕಂಡರೆ ಕೊಳ್ಳೆ ಹೊಡೆಯಲು ಹಾತೊರೆಯುವ ನೆರೆಗೂಡಿನ ನೊಣಗಳು ಕೂಡ ಇಂಥ ಪೆಟ್ಟಿಗೆಗಳ ಕಡೆ ಬೇಗ ಸುಳಿಯುತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ಅಮೆರಿಕದ ಹಲವು ರಾಜ್ಯಗಳಿಂದ ಇದೇ ದೂರು ಬಂತು. ಕಾಲನಿ ಕೊಲ್ಯಾಪ್ಸ್ ಡಿಸಾರ್ಡರ್, ಅಂದರೆ ಜೇನು ಕುಟುಂಬ ಕುಸಿಯುವ ಕಾಯಿಲೆ, ಎಂಬ ಹೆಸರೂ ಬಿತ್ತು. ಹೆಸರಿಟ್ಟ ಕೂಡಲೇ ರೋಗ ಅರ್ಥವಾಯಿತೆಂದು ತಿಳಿಯುವ ನಮ್ಮ ಅಭ್ಯಾಸಕ್ಕೆ ಅದೂ ಒಂದು ಉದಾಹರಣೆ.

ಕೊಲೆಗಾರನ ಹುಡುಕಾಟ ಅಂದೇ ಶುರುವಾಯಿತು. ಮೊಬೈಲ್ ಗೋಪುರ, ಕುಲಾಂತರಿ ಬೆಳೆ, ಹೊಸ ವೈರಸ್, ಹಳೆಯ ನುಸಿ, ಬೀಜಕ್ಕೆ ಲೇಪಿಸುವ ಕೀಟನಾಶಕ, ಒಂದೊಂದಕ್ಕೂ ಒಂದೊಂದು ಬಣ. ಇದರ ನಡುವೆ ‘ಜೇನು ಅಳಿದರೆ ಮನುಷ್ಯನಿಗೆ ಉಳಿಯುವುದು ನಾಲ್ಕೇ ವರ್ಷ’ ಎಂಬ ಮಾತು ಐನ್‌ಸ್ಟೈನ್ ಹೆಸರಿನಲ್ಲಿ ಲೋಕವೆಲ್ಲ ಸುತ್ತಿತು. ಅವರು ಹಾಗೆ ಹೇಳಿದ್ದಕ್ಕೆ ಪುರಾವೆಯಿಲ್ಲ. ಜೇನಿನ ವಿಷಯಕ್ಕೆ ಭೌತವಿಜ್ಞಾನಿಯನ್ನು ಸಾಕ್ಷಿಗೆ ಕರೆದಾಗಲೇ ಅನುಮಾನ ಬರಬೇಕಿತ್ತು. ಮಾತೂ ಸರಿಯಿಲ್ಲ: ಗೋಧಿ, ಭತ್ತ, ಮೆಕ್ಕೆಜೋಳಕ್ಕೆ ಕಾಳು ಕಟ್ಟಲು ಜೇನಿನ ಹಂಗಿಲ್ಲ. ಸಾಕಿದ ಜೇನು ಅಳಿವಿನಂಚಿನಲ್ಲೂ ಇಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಅಂಶದಂತೆ 1961ರಿಂದ ಈಚೆಗೆ ಜಗತ್ತಿನ ಜೇನುಪೆಟ್ಟಿಗೆಗಳ ಸಂಖ್ಯೆ ಸುಮಾರು ಇಮ್ಮಡಿಯಾಗಿದೆ. ಸತ್ತ ಕುಟುಂಬಗಳ ಜಾಗವನ್ನು ಬದುಕಿದ ಕುಟುಂಬಗಳನ್ನು ಒಡೆದು ತುಂಬುತ್ತಾರೆ. ವರ್ಷ ವರ್ಷವೂ ಅದೇ ದುಡಿಮೆ, ಅದೇ ಖರ್ಚು. ಪೆಟ್ಟಿಗೆಗಳ ಒಟ್ಟು ಸಂಖ್ಯೆಯನ್ನು ತೋರಿಸಿ ‘ಎಲ್ಲವೂ ಕ್ಷೇಮ’ ಎನ್ನುವವರಿಗೆ ಈ ದುಡಿಮೆ ಕಾಣುವುದಿಲ್ಲ.

ಸುಮಾರು ಎರಡು ದಶಕಗಳ ಸಂಶೋಧನೆಯನ್ನು ಓದಿದ ಮೇಲೆ ನನಗನ್ನಿಸುವುದು, ಕೊಲೆಗಾರ ಯಾರು ಎಂಬ ಪ್ರಶ್ನೆಯೇ ನಮ್ಮ ದಾರಿ ತಪ್ಪಿಸಿತು ಎಂದು. ಕೀಟನಾಶಕ ಕೊಂದ ನೊಣಗಳನ್ನು ಎಣಿಸುವುದರಲ್ಲಿ ನಾವು ಮಗ್ನರಾದೆವು. ಅದು ಕೊಲ್ಲದೆ ಬಿಟ್ಟ ನೊಣಗಳಿಂದ ಕುಟುಂಬಕ್ಕೆ ಆಗುವ ನಷ್ಟ ಬಹುಕಾಲ ಯಾರ ಎಣಿಕೆಗೂ ಸಿಗಲಿಲ್ಲ.

ಈ ನಷ್ಟ ಅರ್ಥವಾಗಬೇಕಾದರೆ ನೊಣದ ಆಯುಸ್ಸಿನ ಲೆಕ್ಕ ನೋಡಬೇಕು. ಬೇಸಿಗೆಯಲ್ಲಿ ಹುಟ್ಟಿದ ಕೆಲಸಗಾರ ನೊಣ ಬದುಕುವುದು ಸುಮಾರು ಆರು ವಾರ. ಮೊದಲ ಮೂರು ವಾರ ಒಳಗೆಲಸ: ಕೋಣೆ ಶುಚಿ ಮಾಡುವುದು, ದಾದಿಯಾಗಿ ಮರಿಗಳಿಗೆ ಉಣಿಸುವುದು, ಮೇಣ ಸ್ರವಿಸಿ ಎರಿ ಕಟ್ಟುವುದು, ಬಾಗಿಲು ಕಾಯುವುದು. ಉಳಿದ ಎರಡು ಮೂರು ವಾರ ಹೊರಗೆಲಸ, ಅಂದರೆ ಮಕರಂದ, ಪರಾಗ, ನೀರು ತರುವುದು. ಹಕ್ಕಿ, ಜೇಡ, ಗಾಳಿ, ಮಳೆ ಎಲ್ಲಕ್ಕೂ ಸಿಕ್ಕುವ ಈ ಅಪಾಯದ ಕೆಲಸವನ್ನು ಗೂಡು ತನ್ನ ಹಿರಿಯರಿಗೆ ಮೀಸಲಿಟ್ಟಿದೆ. ಹೇಗೂ ಆಯುಸ್ಸು ಮುಗಿಯುತ್ತ ಬಂದವರು ತಾನೇ. ಹೂವಿನ ಕಾಲದಲ್ಲಿ ರಾಣಿ ದಿನಕ್ಕೆ ಸಾವಿರದ ಐನೂರು ಮೊಟ್ಟೆ ಇಡುತ್ತದೆಂದು ಹಿಡಿಯೋಣ. ತಲಾ ನಲವತ್ತು ದಿನ ಬದುಕಿದರೆ ಕುಟುಂಬದಲ್ಲಿ ಅರವತ್ತು ಸಾವಿರ ನೊಣಗಳು. ಆಯುಸ್ಸು ಮೂವತ್ತು ದಿನಕ್ಕೆ ಇಳಿದರೆ ನಲವತ್ತೈದು ಸಾವಿರ. ಇಪ್ಪತ್ತಕ್ಕೆ ಇಳಿದರೆ ಕುಟುಂಬ ಅರ್ಧ. ಪೆಟ್ಟಿಗೆಯ ಮುಂದೆ ಒಂದು ಹೆಣವೂ ಬಿದ್ದಿರುವುದಿಲ್ಲ, ಏಕೆಂದರೆ ಮುದಿ ನೊಣ ಸಾಯುವುದು ಬಯಲಿನಲ್ಲೇ.

ವಾಸ್ತವ ಈ ಗುಣಾಕಾರಕ್ಕಿಂತ ಕೆಟ್ಟದ್ದು. ಹೊರಗೆಲಸದವರು ಕಡಿಮೆಯಾದಾಗ ಒಳಗಿನ ಎಳೆಯ ನೊಣಗಳು ವಯಸ್ಸಿಗೆ ಮುಂಚೆಯೇ ಮೇವಿಗೆ ಹೊರಡುತ್ತವೆ. 2015ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇಂಥ ನೊಣಗಳ ಬೆನ್ನಿಗೆ ಗುರುತಿನ ಬಿಲ್ಲೆ ಅಂಟಿಸಿ ಹಿಂಬಾಲಿಸಿದರು. ಅವಧಿಗೆ ಮುಂಚೆ ಹೊರಟ ನೊಣಗಳು ತಮ್ಮ ಜೀವಮಾನದಲ್ಲಿ ಮಾಡಿದ ಮೇವಿನ ಸುತ್ತುಗಳು ತೀರ ಕಡಿಮೆ; ಮೊದಲ ಕೆಲವು ಹಾರಾಟಗಳಲ್ಲೇ ಸಾಯುವ ಸಂಭವ ಹೆಚ್ಚು. ಅವು ಸತ್ತಷ್ಟೂ ಇನ್ನೂ ಎಳೆಯವು ಹೊರಡಬೇಕು. ಇತ್ತ ದಾದಿಗಳು ಕಡಿಮೆಯಾಗಿ ಮರಿಗಳ ಪೋಷಣೆ ಸೊರಗುತ್ತದೆ. ಕುಟುಂಬ ಬಹಳ ದಿನ ಸಹಿಸಿಕೊಂಡು, ಒಂದು ಮಿತಿ ದಾಟಿದ ಮೇಲೆ ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ರಾಣಿ, ಮರಿ, ಜೇನು ಮೂರೂ ಉಳಿದು ದುಡಿಯುವವರು ಮಾತ್ರ ಇಲ್ಲವಾದ ಆ ಫ್ಲಾರಿಡಾದ ಪೆಟ್ಟಿಗೆಗಳ ಚಿತ್ರಕ್ಕೆ ಇದಕ್ಕಿಂತ ಹತ್ತಿರದ ವಿವರಣೆ ನಾನು ಓದಿಲ್ಲ.

ಕೀಟನಾಶಕದ ಪಾತ್ರವನ್ನು ಈ ಲೆಕ್ಕದೊಳಗೆ ಇಟ್ಟು ನೋಡಬೇಕು. ಹಳೆಯ ತಲೆಮಾರಿನ ಸಿಂಪಡಣೆಯ ವಿಷಗಳು ಮಾಡುತ್ತಿದ್ದ ಅನಾಹುತ ಕಣ್ಣಿಗೆ ರಾಚುತ್ತಿತ್ತು. ಹೂ ಬಿಟ್ಟ ಹೊಲಕ್ಕೆ ಹಗಲಲ್ಲಿ ಸಿಂಪಡಿಸಿದರೆ ಸಂಜೆಗೆ ಪೆಟ್ಟಿಗೆಯ ಬಾಗಿಲಲ್ಲಿ ನಾಲಿಗೆ ಚಾಚಿದ, ನಡುಗುತ್ತ ಬಿದ್ದ ನೊಣಗಳ ರಾಶಿ. ಯಾರ ಹೊಲ, ಯಾವ ಔಷಧಿ ಎಂದು ಬೆರಳು ತೋರಿಸಬಹುದಿತ್ತು. 1990ರ ದಶಕದಲ್ಲಿ ಬಳಕೆಗೆ ಬಂದ ನಿಯೊನಿಕೋಟಿನಾಯ್ಡ್‌ಗಳ ರೀತಿಯೇ ಬೇರೆ. ಇವು ಅಂತರ್ವ್ಯಾಪಿ ಕೀಟನಾಶಕಗಳು: ಬೀಜಕ್ಕೆ ಲೇಪಿಸಿದರೆ ಸಾಕು, ಸಸಿಯ ರಸದ ಜೊತೆ ಬೇರು, ಎಲೆ, ಕೊನೆಗೆ ಮಕರಂದ ಮತ್ತು ಪರಾಗದವರೆಗೂ ಹರಿಯುತ್ತವೆ. ಬೀಜಕ್ಕೆ ಹಚ್ಚಿದ್ದರಲ್ಲಿ ಬೆಳೆ ಹೀರಿಕೊಳ್ಳುವುದು ಶೇ 5ರ ಆಸುಪಾಸು. ಮಿಕ್ಕದ್ದು ಮಣ್ಣಿಗೆ, ನೀರಿಗೆ, ಅಲ್ಲಿಂದ ಬದುವಿನ ಕಾಡುಹೂಗಳಿಗೆ. ಕೀಟದ ನರತಂತುಗಳು ಒಂದಕ್ಕೊಂದು ಸಂದೇಶ ದಾಟಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕೂರಬೇಕಾದ ಜಾಗದಲ್ಲಿ, ಅಂದರೆ ಗ್ರಾಹಕಗಳಲ್ಲಿ, ಇವು ಕೂತು ಬಿಡುತ್ತವೆ, ಮತ್ತು ಸುಲಭವಾಗಿ ಏಳುವುದಿಲ್ಲ. ಜೇನಿನ ಮಿದುಳಿನಲ್ಲಿ ವಾಸನೆ ಕಲಿಯುವ, ದಾರಿ ನೆನಪಿಡುವ ಭಾಗಗಳಲ್ಲಿ ಇಂಥ ಗ್ರಾಹಕಗಳು ಹೇರಳ. ಈ ಗುಂಪಿನ ಇಮಿಡಾಕ್ಲೋಪ್ರಿಡ್‌ನ ಸುಮಾರು ನಾಲ್ಕು ನ್ಯಾನೋಗ್ರಾಂ ಹೊಟ್ಟೆಗೆ ಹೋದರೆ ಅರ್ಧಕ್ಕರ್ಧ ನೊಣಗಳು ಸಾಯುತ್ತವೆ. ಅಂದರೆ ಒಂದು ಗ್ರಾಮಿನಲ್ಲಿ ಇಪ್ಪತ್ತೈದು ಕೋಟಿ ನೊಣಗಳಿಗೆ ಸಾಲುವಷ್ಟು ಸರಕು. ಡಿಡಿಟಿಗೆ ಹೋಲಿಸಿದರೆ ಇದು ಸಾವಿರಾರು ಪಟ್ಟು ತೀಕ್ಷ್ಣ.

ಮೊದಲ ಎಚ್ಚರಿಕೆ ಬಂದದ್ದು ಫ್ರಾನ್ಸಿನಿಂದ. 1994ರಲ್ಲಿ ಅಲ್ಲಿ ಸೂರ್ಯಕಾಂತಿ ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಲೇಪನ ಶುರುವಾದ ಬೆನ್ನಲ್ಲೇ ಜೇನು ಕೃಷಿಕರು, ನೊಣಗಳು ಸೂರ್ಯಕಾಂತಿ ಹೊಲಕ್ಕೆ ಹೋಗಿ ಮರಳುತ್ತಿಲ್ಲ ಎಂದು ದೂರತೊಡಗಿದರು. ‘ಮರಳುತ್ತಿಲ್ಲ’ ಎಂಬ ಆ ಪದವನ್ನು ಗಮನಿಸಬೇಕು. ‘ಸಾಯುತ್ತಿವೆ’ ಎಂದು ಅವರು ಹೇಳಲಿಲ್ಲ. ಪ್ರಯೋಗಾಲಯಗಳಲ್ಲಿ ನೊಣ ಸತ್ತಿತೇ ಇಲ್ಲವೇ ಎಂದು ನೋಡುತ್ತಿದ್ದವರಿಗೆ ಈ ದೂರು ಹಿಡಿತಕ್ಕೆ ಸಿಗಲಿಲ್ಲ. ಆದರೂ ಫ್ರಾನ್ಸ್ 1999ರಲ್ಲಿ ಸೂರ್ಯಕಾಂತಿಗೆ ಆ ಲೇಪನವನ್ನು ಅಮಾನತಿನಲ್ಲಿಟ್ಟಿತು. ಕಣ್ಣಾರೆ ಕಾಣುವ ಸಾವು ಬಂದದ್ದು 2008ರ ವಸಂತದಲ್ಲಿ, ಜರ್ಮನಿಯ ರೈನ್ ನದಿ ಕಣಿವೆಯಲ್ಲಿ. ಮೆಕ್ಕೆಜೋಳದ ಬೀಜಕ್ಕೆ ಹಚ್ಚಿದ್ದ, ಇದೇ ಗುಂಪಿನ ಕ್ಲೋಥಿಯಾನಿಡಿನ್ ಸರಿಯಾಗಿ ಅಂಟಿರಲಿಲ್ಲ. ಗಾಳಿಯ ಒತ್ತಡದಿಂದ ಬಿತ್ತುವ ಯಂತ್ರಗಳು ಅದನ್ನು ಪುಡಿ ಮಾಡಿ ಹೂಬಿಟ್ಟ ಗಿಡಗಳ ಮೇಲೆ ಊದಿದವು. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಕುಟುಂಬಗಳು ಪೆಟ್ಟು ತಿಂದವು. ಇಲ್ಲಿ ಹೆಣಗಳಿದ್ದವು, ಹಾಗಾಗಿ ಸರ್ಕಾರ ಕೆಲವೇ ವಾರಗಳಲ್ಲಿ ಕ್ರಮ ಕೈಗೊಂಡಿತು. ಫ್ರಾನ್ಸಿನವರಿಗೆ ಹಿಡಿದದ್ದು ಐದು ವರ್ಷ.

ಮರಳದ ನೊಣವನ್ನು ಎಣಿಸುವುದು ಹೇಗೆ? ಈ ಕೆಲಸವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಫ್ರಾನ್ಸಿನ ಆವಿನ್ಯೋನ್‌ನ ಸಂಶೋಧಕರು ಮಿಕೆಲ್ ಆನ್ರಿ ಅವರ ಮುಂದಾಳತ್ವದಲ್ಲಿ ಆರುನೂರ ಐವತ್ತಕ್ಕೂ ಹೆಚ್ಚು ನೊಣಗಳ ಬೆನ್ನಿಗೆ ತಲಾ ಮೂರು ಮಿಲಿಗ್ರಾಂ ತೂಕದ ರೇಡಿಯೋ ಬಿಲ್ಲೆ ಅಂಟಿಸಿದರು. ನೂರು ಮಿಲಿಗ್ರಾಂ ತೂಗುವ, ತನ್ನ ತೂಕದ ಅರ್ಧದಷ್ಟು ಮಕರಂದ ಹೊರಬಲ್ಲ ನೊಣಕ್ಕೆ ಅದೇನೂ ದೊಡ್ಡ ಹೊರೆಯಲ್ಲ. ಅರ್ಧದಷ್ಟು ನೊಣಗಳಿಗೆ ಬರೀ ಸಕ್ಕರೆ ನೀರು, ಇನ್ನರ್ಧಕ್ಕೆ ಅದರಲ್ಲಿ ಬೆರೆಸಿದ 1.34 ನ್ಯಾನೋಗ್ರಾಂ ಥಯಾಮೆಥಾಕ್ಸಮ್ ಎಂಬ ಇನ್ನೊಂದು ನಿಯೊನಿಕೋಟಿನಾಯ್ಡ್. ಇದು ಕೊಲ್ಲುವ ಪ್ರಮಾಣದ ಸುಮಾರು ಕಾಲುಭಾಗ. ಆಮೇಲೆ ಗೂಡಿನಿಂದ ಒಂದು ಕಿಲೋಮೀಟರ್‌ವರೆಗಿನ ದೂರಕ್ಕೆ ಒಯ್ದು ಬಿಟ್ಟರು. ಗೂಡಿನ ಬಾಗಿಲಲ್ಲಿದ್ದ ಯಂತ್ರ ಒಳಬಂದ ಪ್ರತಿ ಬಿಲ್ಲೆಯನ್ನೂ ಗುರುತು ಹಾಕಿಕೊಂಡಿತು. ವಿಷ ಕುಡಿಯದ ನೊಣಗಳಿಗೆ ಹೋಲಿಸಿ, ಪರಿಚಿತ ಜಾಗದಲ್ಲಿ ಬಿಟ್ಟರೆ ಶೇ 10ರಷ್ಟು, ಅಪರಿಚಿತ ಜಾಗದಲ್ಲಿ ಬಿಟ್ಟರೆ ಶೇ 31ರಷ್ಟು ನೊಣಗಳು ಕೇವಲ ವಿಷದ ಕಾರಣದಿಂದ ಮನೆ ಸೇರಲಿಲ್ಲ ಎಂಬುದು ಅವರ ಲೆಕ್ಕ. ಪ್ರಯೋಗಾಲಯದ ಪಂಜರದಲ್ಲಿ ಇಟ್ಟಿದ್ದರೆ ಇವೇ ನೊಣಗಳು ‘ಬದುಕಿವೆ’ ಎಂಬ ಕಾಲಮಿನಲ್ಲಿ ದಾಖಲಾಗುತ್ತಿದ್ದವು. ಪಂಜರದಲ್ಲಿ ದಾರಿ ತಪ್ಪಲು ದಾರಿಯೇ ಇರುವುದಿಲ್ಲವಲ್ಲ.

2012ರಲ್ಲಿ ಈ ಅಧ್ಯಯನ ಪ್ರಕಟವಾದ ಕೂಡಲೇ ತಕರಾರೂ ಬಂತು. ಪ್ರಮಾಣ ಹೊಲದಲ್ಲಿ ಸಿಗುವುದಕ್ಕಿಂತ ಹೆಚ್ಚು ಎಂದರು ಕೆಲವರು. ಈ ನಷ್ಟದಿಂದ ಕುಟುಂಬವೇ ಕುಸಿಯಬಹುದೆಂಬ ನಿಮ್ಮ ಲೆಕ್ಕದಲ್ಲಿ ರಾಣಿ ಮೊಟ್ಟೆಯಿಡುವ ವೇಗವನ್ನು ಕಡಿಮೆ ಹಿಡಿದು ಕುಸಿತವನ್ನು ಉತ್ಪ್ರೇಕ್ಷಿಸಿದ್ದೀರಿ ಎಂದರು ಇನ್ನು ಕೆಲವರು. ತಕರಾರಿನಲ್ಲಿ ಹುರುಳಿತ್ತು, ಮತ್ತು ಅದಕ್ಕೆ ಉತ್ತರ ಹುಡುಕಲು ಆನ್ರಿ ತಂಡವೇ ಹೊಲಕ್ಕಿಳಿಯಿತು. ಥಯಾಮೆಥಾಕ್ಸಮ್ ಲೇಪಿತ ರೇಪ್‌ಸೀಡ್ ಎಣ್ಣೆಕಾಳಿನ ಹೊಲಗಳ ಬಳಿ ಪೆಟ್ಟಿಗೆಗಳನ್ನಿಟ್ಟು 2015ರಲ್ಲಿ ಅವರು ವರದಿ ಮಾಡಿದ್ದು ಎರಡೂ ಬಣಗಳನ್ನು ಸುಮ್ಮನಾಗಿಸಬೇಕಿತ್ತು. ಹೊಲಕ್ಕೆ ಹೆಚ್ಚು ತೆರೆದುಕೊಂಡ ಗೂಡುಗಳ ಮೇವಿನ ನೊಣಗಳು ನಿಜಕ್ಕೂ ಬೇಗ ಸಾಯುತ್ತಿದ್ದವು. ಕುಟುಂಬದ ಗಾತ್ರ ಮಾತ್ರ ಕುಗ್ಗಿರಲಿಲ್ಲ, ಜೇನಿನ ಇಳುವರಿಯೂ ಕುಗ್ಗಿರಲಿಲ್ಲ. ಕಾರಣ, ಗೂಡು ಗಂಡು ನೊಣಗಳ ಮರಿಗಳನ್ನು ತಡಮಾಡಿ ಕೆಲಸಗಾರ ಮರಿಗಳನ್ನು ಹೆಚ್ಚಿಸಿಕೊಂಡಿತ್ತು. ಸಂಸಾರದಲ್ಲಿ ದುಡಿಯುವವನೊಬ್ಬ ಹೋದಾಗ ಮದುವೆ ಮುಂದೂಡಿ ಖರ್ಚು ಸರಿದೂಗಿಸುವಂತೆ. ನೊಣದ ಮಟ್ಟದಲ್ಲಿ ಹಾನಿ ನಿಜ, ಕುಟುಂಬದ ಮಟ್ಟದಲ್ಲಿ ಹಾನಿ ಕಾಣದಿರುವುದೂ ನಿಜ. ಕೀಟನಾಶಕ ಕಂಪನಿಗಳು ಎರಡನೆಯ ನಿಜವನ್ನು, ಪರಿಸರವಾದಿಗಳು ಮೊದಲನೆಯದನ್ನು ಹಿಡಿದುಕೊಂಡು ವರ್ಷಗಟ್ಟಲೆ ಜಗಳವಾಡಿದರು. ಗೂಡು ಆ ಹೊತ್ತಿಗೆ ತನ್ನ ಉಳಿತಾಯ ಕರಗಿಸುತ್ತಿತ್ತು.

ಉಳಿತಾಯ ಕರಗಿದ ಗೂಡಿಗೆ ಮುಂದಿನ ಪೆಟ್ಟು ಎಲ್ಲಿಂದ ಬೀಳುತ್ತದೆ ಎಂಬುದರ ಮೇಲೆ ಅದರ ಗತಿ ನಿಂತಿರುತ್ತದೆ. ಹೆಚ್ಚಿನ ಸಲ ಅದು ವರೋವಾ ನುಸಿ. ಮೂಲತಃ ಏಷ್ಯಾದ ತುಡುವೆ ಜೇನಿನ ಮೇಲಿದ್ದ ಈ ಕೆಂಗಂದು ಪರಾವಲಂಬಿ ಕಳೆದ ಶತಮಾನದಲ್ಲಿ ಯುರೋಪಿಯನ್ ಜೇನಿಗೆ ದಾಟಿತು. ಪೆಟ್ಟಿಗೆಗಳ ಸಾಗಾಟದ ಜೊತೆ ಲೋಕ ಸುತ್ತಿ 1987ರಲ್ಲಿ ಅಮೆರಿಕ ತಲುಪಿತು. ಬಹುಕಾಲ ಹೊರಗುಳಿದಿದ್ದ ಆಸ್ಟ್ರೇಲಿಯಾ 2022ರಲ್ಲಿ ಅದನ್ನು ಕಂಡು, ನಿರ್ಮೂಲನೆಯ ಪ್ರಯತ್ನವನ್ನು 2023ರಲ್ಲಿ ಕೈಬಿಟ್ಟಿತು. ನೊಣದ ಮೈಮೇಲೆ ಒಂದು ನುಸಿ ಎಂದರೆ ನಮ್ಮ ಮೈಮೇಲೆ ಊಟದ ತಟ್ಟೆಯಷ್ಟು ದೊಡ್ಡ ಉಣ್ಣೆ ಕಚ್ಚಿಕೊಂಡಂತೆ. ಅದು ರಕ್ತ ಹೀರುತ್ತದೆಂದು ದಶಕಗಳ ಕಾಲ ನಂಬಿದ್ದರು. ಮುಖ್ಯವಾಗಿ ತಿನ್ನುವುದು ನೊಣದ ಮೇದಸ್ಸಿನ ಅಂಗಾಂಶವನ್ನು ಎಂದು 2019ರಲ್ಲಿ ತಿಳಿಯಿತು. ಈ ಸಣ್ಣ ತಿದ್ದುಪಡಿಗೆ ದೊಡ್ಡ ಅರ್ಥವಿದೆ. ಆ ಅಂಗಾಂಶ ನೊಣಕ್ಕೆ ಯಕೃತ್ತಿದ್ದಂತೆ: ವಿಷ ಕರಗಿಸುವುದು, ರೋಗನಿರೋಧಕ ಶಕ್ತಿ ಕಾಯುವುದು, ಚಳಿಗಾಲಕ್ಕೆ ಪೌಷ್ಟಿಕಾಂಶ ಕೂಡಿಡುವುದು ಎಲ್ಲ ಅಲ್ಲೇ. ಶರತ್ಕಾಲದಲ್ಲಿ ಹುಟ್ಟುವ ನೊಣಗಳು ಐದಾರು ತಿಂಗಳು ಬದುಕುವುದು ಆ ದಾಸ್ತಾನಿನ ಬಲದಿಂದ. ನುಸಿ ಅದನ್ನೇ ತಿಂದರೆ ಮಾಗಿಯ ಮಧ್ಯದಲ್ಲಿ ಪೆಟ್ಟಿಗೆ ಬರಿದಾಗುತ್ತದೆ. ಜೊತೆಗೆ ರೆಕ್ಕೆ ಮುದುಡಿಸುವ ವೈರಸ್ಸನ್ನು ನುಸಿ ನೇರ ಮೈಯೊಳಕ್ಕೆ ಇಳಿಸುತ್ತದೆ. ಕ್ಲೋಥಿಯಾನಿಡಿನ್ ಸೋಕಿದ ನೊಣಗಳಲ್ಲಿ ರೋಗನಿರೋಧಕ ವ್ಯವಸ್ಥೆ ಮಂಕಾಗಿ ಈ ವೈರಸ್ ಬೇಗ ವೃದ್ಧಿಸುತ್ತದೆಂದು ಇಟಲಿಯ ಸಂಶೋಧಕರು 2013ರಲ್ಲಿ ತೋರಿಸಿದರು. ಇಂಥ ಗೂಡು ಸತ್ತಾಗ ಮರಣಪತ್ರದಲ್ಲಿ ವೈರಸ್ ಎಂದು ಬರೆಯಬೇಕೇ, ನುಸಿ ಎಂದೇ, ಬೀಜದ ಲೇಪನ ಎಂದೇ?

ಜೇನು ಕೃಷಿಕರಿಗೆ ಇಷ್ಟವಾಗದ ಒಂದು ಮಾತನ್ನೂ ಇಲ್ಲಿ ಹೇಳಬೇಕು. ಗೂಡಿನ ಮೇಣದಲ್ಲಿ ಸಿಗುವ ವಿಷಗಳಲ್ಲಿ ಮೊದಲ ಸ್ಥಾನ ಹೊಲದ ಕೀಟನಾಶಕಗಳದ್ದಲ್ಲ. 2010ರಲ್ಲಿ ಉತ್ತರ ಅಮೆರಿಕದ ಮೇಣ, ಪರಾಗ, ನೊಣಗಳ ಮಾದರಿಗಳನ್ನು ಪರೀಕ್ಷಿಸಿದಾಗ ಒಟ್ಟು 121 ಬಗೆಯ ಕೀಟನಾಶಕಗಳು ಮತ್ತು ಅವುಗಳ ಒಡೆದ ರೂಪಗಳು ಸಿಕ್ಕವು. ಅವುಗಳಲ್ಲಿ ಮೇಣದ ಶೇ 98ರಷ್ಟು ಮಾದರಿಗಳಲ್ಲಿದ್ದದ್ದು ಫ್ಲುವಾಲಿನೇಟ್ ಮತ್ತು ಕೂಮಾಫೋಸ್. ಎರಡನ್ನೂ ನುಸಿ ಕೊಲ್ಲಲೆಂದು ಪೆಟ್ಟಿಗೆಯೊಳಗೆ ಇಡುತ್ತಿದ್ದವರು ಸಾಕುವವರೇ. ಮೇಣ ಕೊಬ್ಬಿನ ಜಾತಿ. ಕೊಬ್ಬಿನಲ್ಲಿ ಕರಗುವ ವಿಷವನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ, ಮರಿ ಮಲಗುವ ತೊಟ್ಟಿಲೂ ಅದೇ.

ನೂರಿಪ್ಪತ್ತೊಂದು ರಾಸಾಯನಿಕಗಳು ಎಂದ ಮೇಲೆ ಅವು ಒಂದರ ಜೊತೆ ಒಂದು ಸೇರಿ ಏನು ಮಾಡುತ್ತವೆ ಎಂಬುದು ಸಹಜ ಪ್ರಶ್ನೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ತೀರ ಕಡಿಮೆ ಚರ್ಚೆಯಾದದ್ದು ಶಿಲೀಂಧ್ರನಾಶಕಗಳ ಪಾತ್ರ. 2006ರಲ್ಲಿ ಜೇನಿನ ಜೀನೋಮ್ ಓದಿದಾಗ, ದೇಹಕ್ಕೆ ಬಂದ ವಿಷವನ್ನು ಒಡೆಯುವ ಪಿ450 ಎಂಬ ಕಿಣ್ವಗಳ ಜೀನ್‌ಗಳು ಅದರಲ್ಲಿ 46 ಮಾತ್ರ ಎಂದು ಗೊತ್ತಾಯಿತು. ಹಣ್ಣಿನ ನೊಣದಲ್ಲಿ ಇದರ ಸುಮಾರು ಎರಡು ಪಟ್ಟು ಇವೆ. ಅಜೋಲ್ ಗುಂಪಿನ ಶಿಲೀಂಧ್ರನಾಶಕಗಳು ಇರುವ ಆ ಅಲ್ಪ ಸೇನೆಯನ್ನೂ ಕಟ್ಟಿಹಾಕುತ್ತವೆ. ಥಯಾಕ್ಲೋಪ್ರಿಡ್ ಜೇನಿಗೆ ಅಷ್ಟೇನೂ ಅಪಾಯವಿಲ್ಲದ ನಿಯೊನಿಕೋಟಿನಾಯ್ಡ್ ಎಂದು ಹೆಸರಾಗಿತ್ತು, ಏಕೆಂದರೆ ನೊಣ ಅದನ್ನು ಬೇಗ ಒಡೆದುಹಾಕುತ್ತದೆ. ಟ್ರೈಫ್ಲುಮಿಜೋಲ್ ಎಂಬ ಶಿಲೀಂಧ್ರನಾಶಕದ ಜೊತೆ ಕೊಟ್ಟಾಗ ಅದರ ವಿಷತೀವ್ರತೆ ಪ್ರಯೋಗಾಲಯದಲ್ಲಿ ಸಾವಿರ ಪಟ್ಟು ಮೀರಿ ಏರಿತು; 2004ರಲ್ಲೇ ಪ್ರಕಟವಾದ ಸಂಗತಿಯಿದು. ಹೊಲದಲ್ಲಿ ಅಷ್ಟು ಏರಿಕೆ ಆಗದಿರಬಹುದು. ಆದರೆ ಶಿಲೀಂಧ್ರನಾಶಕ ‘ಜೇನಿಗೆ ನಿರಪಾಯ’ ಎಂಬ ನಂಬಿಕೆಯಲ್ಲಿ ಹೂವಿನ ಕಾಲದಲ್ಲೇ ಸಿಂಪಡಣೆಯಾಗುತ್ತದೆ. ಕಳೆನಾಶಕದ ಕಥೆಯೂ ಹೀಗೇ. ಗ್ಲೈಫೋಸೇಟ್ ತಡೆಯುವ ಜೀವರಾಸಾಯನಿಕ ಹಾದಿ ಸಸ್ಯಗಳಲ್ಲಿದೆ, ಪ್ರಾಣಿಗಳಲ್ಲಿಲ್ಲ, ಹಾಗಾಗಿ ಜೇನಿಗೆ ತೊಂದರೆಯಿಲ್ಲ ಎಂಬುದು ವಾದ. ಆ ಹಾದಿ ಜೇನಿನ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳಲ್ಲಿದೆ. 2018ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು, ಗ್ಲೈಫೋಸೇಟ್ ಉಣಿಸಿದ ನೊಣಗಳಲ್ಲಿ ಆ ಬ್ಯಾಕ್ಟೀರಿಯಾಗಳು ಕುಗ್ಗಿ, ನೊಣಗಳು ಸೋಂಕಿಗೆ ಬೇಗ ಬಲಿಯಾಗುವುದನ್ನು ಕಂಡರು. ನೊಣವನ್ನು ಮುಟ್ಟದೆ ಅದರ ಒಳಗಿನ ಬಾಡಿಗೆದಾರರನ್ನು ಎಬ್ಬಿಸಿದ ಹಾಗೆ.

ವಿಷವಿದ್ದರೆ ನೊಣ ಆ ಹೂವಿಗೆ ಹೋಗದಿರಬಾರದೇ ಎಂದು ಕೇಳುವವರಿದ್ದಾರೆ. 2015ರ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು: ಇಮಿಡಾಕ್ಲೋಪ್ರಿಡ್ ಮತ್ತು ಥಯಾಮೆಥಾಕ್ಸಮ್‌ನ ರುಚಿ ನೊಣಕ್ಕೆ ತಿಳಿಯುವುದೇ ಇಲ್ಲ, ಮೇಲಾಗಿ ಶುದ್ಧ ಸಕ್ಕರೆ ನೀರಿಗಿಂತ ಇವು ಬೆರೆತ ನೀರನ್ನೇ ಅವು ಹೆಚ್ಚು ಕುಡಿದವು. ನಿಕೋಟಿನ್‌ನ ದಾಯಾದಿಗಳಲ್ಲವೇ. ಜಗತ್ತಿನ ನಾನಾ ಕಡೆಯ 198 ಜೇನುತುಪ್ಪದ ಮಾದರಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 75ರಷ್ಟರಲ್ಲಿ ಕನಿಷ್ಠ ಒಂದು ನಿಯೊನಿಕೋಟಿನಾಯ್ಡ್ ಇತ್ತು, ಶೇ 45ರಷ್ಟರಲ್ಲಿ ಎರಡು ಅಥವಾ ಹೆಚ್ಚು. ಬಹುಪಾಲು ಮಾದರಿಗಳಲ್ಲಿ ಪ್ರಮಾಣ ಮನುಷ್ಯರಿಗೆ ನಿಗದಿಯಾದ ಮಿತಿಗಿಂತ ಬಹಳ ಕೆಳಗಿತ್ತು, ಜೇನು ತಿನ್ನುವವರು ಹೆದರಬೇಕಿಲ್ಲ. ಅದನ್ನೇ ದಿನವೂ ಉಂಡು ಬದುಕುವ ನೊಣದ ವಿಷಯ ಬೇರೆ.

ಇನ್ನು ಹಸಿವು. ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳಿಗೆ ಪ್ರತಿ ಫೆಬ್ರವರಿಯಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಜೇನುಪೆಟ್ಟಿಗೆಗಳು ಲಾರಿಯೇರಿ ಬರುತ್ತವೆ. ಕೆಲವು ವಾರ ಕಣ್ಣು ಹಾಯಿಸಿದಷ್ಟೂ ಹೂವು, ಆಮೇಲೆ ಕಣ್ಣು ಹಾಯಿಸಿದಷ್ಟೂ ಬರೀ ಎಲೆ. ಏಕಬೆಳೆಯ ನಾಡು ನೊಣದ ಪಾಲಿಗೆ ಒಂದು ಹಬ್ಬ ಮತ್ತು ಹನ್ನೊಂದು ತಿಂಗಳ ಉಪವಾಸ. ಪರಾಗದ ವೈವಿಧ್ಯ ಕಡಿಮೆಯಾದಷ್ಟೂ ವಿಷ ತಡೆಯುವ ಶಕ್ತಿ ಕುಗ್ಗುತ್ತದೆ. ಇದ್ದ ಹೂವಿನ ಸತ್ವವೂ ಮೊದಲಿನಂತಿಲ್ಲ. ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿ 1842ರಿಂದ ಒಣಗಿಸಿಟ್ಟ ಗೋಲ್ಡನ್‌ರಾಡ್ ಗಿಡಗಳ ಪರಾಗವನ್ನು ಇಂದಿನದ್ದರ ಜೊತೆ ತೂಗಿ ನೋಡಿದವರು, ಅದರ ಪ್ರೋಟೀನ್ ಮೂರನೇ ಒಂದರಷ್ಟು ಇಳಿದಿರುವುದನ್ನು ಕಂಡರು. ಗಾಳಿಯ ಇಂಗಾಲದ ಡೈಆಕ್ಸೈಡ್ ಏರಿದ್ದರ ಫಲ ಅದು. ಉತ್ತರ ಅಮೆರಿಕದ ನೊಣಗಳು ಚಳಿಗಾಲಕ್ಕೆ ಮುನ್ನ ಪರಾಗಕ್ಕಾಗಿ ನಂಬುವ ಕೊನೆಯ ಹೂಗಳಲ್ಲಿ ಗೋಲ್ಡನ್‌ರಾಡ್ ಒಂದು. ಡೀಸೆಲ್ ಹೊಗೆ ಹೂವಿನ ಪರಿಮಳದ ಕೆಲವು ಅಂಶಗಳನ್ನು ಗಾಳಿಯಲ್ಲೇ ಒಡೆದುಹಾಕಿ ಗುರುತು ಸಿಗದಂತೆ ಮಾಡುತ್ತದೆ ಎಂಬುದೂ ತಿಳಿದಿದೆ. ತಾಪದ ಮಾತು ಎಲ್ಲರಿಗೂ ಗೊತ್ತಿರುವುದೇ. ಒಂದು ಎಳೆಯನ್ನಷ್ಟೇ ಸೇರಿಸುತ್ತೇನೆ. ಮರಿಗಳ ಕೋಣೆಯನ್ನು 34ರಿಂದ 36 ಡಿಗ್ರಿ ಸೆಲ್ಸಿಯಸ್ ನಡುವೆ ಕಾಯಲು ಗೂಡಿಗೆ ಮೈಗಳು ಬೇಕು. ನೊಣಗಳು ಕಡಿಮೆಯಾದ ಗೂಡು ಆ ಶಾಖ ಕಾಯಲಾರದು. ತಂಪಿನಲ್ಲಿ ಬೆಳೆದ ಮರಿಗಳು ದೊಡ್ಡವಾದ ಮೇಲೆ ಕಲಿಕೆಯಲ್ಲಿ, ಕುಣಿದು ದಾರಿ ಹೇಳುವುದರಲ್ಲಿ ಹಿಂದುಳಿಯುತ್ತವೆಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ 2003ರಷ್ಟು ಹಿಂದೆಯೇ ಕಂಡುಕೊಂಡಿದ್ದರು. ದಾರಿ ತಪ್ಪಿದ ತಲೆಮಾರು ದಾರಿ ತಪ್ಪುವ ಇನ್ನೊಂದು ತಲೆಮಾರನ್ನು ಬೆಳೆಸುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಅನುಮತಿ ಕೊಡುವ ಕಚೇರಿಗಳು ಏನು ನೋಡುತ್ತಿದ್ದವು? ದಶಕಗಳ ಕಾಲ ಮುಖ್ಯ ಪರೀಕ್ಷೆ ಇಷ್ಟೇ: ಆರೋಗ್ಯವಂತ ವಯಸ್ಕ ನೊಣಗಳನ್ನು ಪಂಜರದಲ್ಲಿಟ್ಟು, ಒಂದೇ ರಾಸಾಯನಿಕವನ್ನು ಒಂದು ಸಲ ಕೊಟ್ಟು, ಎರಡು ದಿನದ ಬಳಿಕ ಸತ್ತವುಗಳನ್ನು ಎಣಿಸುವುದು. ಹಸಿದ ನೊಣವಿಲ್ಲ, ನುಸಿ ಕಚ್ಚಿದ ನೊಣವಿಲ್ಲ, ಶಿಲೀಂಧ್ರನಾಶಕ ಬೆರೆತ ಪರಾಗವಿಲ್ಲ, ಹಾರಬೇಕಾದ ಬಯಲಿಲ್ಲ. ಹತ್ತು ದಿನ ಸತತ ಉಣಿಸಿ ನೋಡುವ ಪರೀಕ್ಷೆ ಒಇಸಿಡಿಯ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) ಪಟ್ಟಿಗೆ ಸೇರಿದ್ದು 2017ರಲ್ಲಿ. ಆವಿನ್ಯೋನ್‌ನವರ ಬಿಲ್ಲೆಯ ವಿಧಾನ, ಮನೆ ಸೇರುವ ನೊಣಗಳನ್ನು ಎಣಿಸುವ ವಿಧಾನ, ಮಾರ್ಗಸೂಚಿಯಾಗಿ ಬಂದದ್ದು 2021ರಲ್ಲಿ. ಫ್ರಾನ್ಸಿನ ಜೇನು ಕೃಷಿಕರು ‘ಮರಳುತ್ತಿಲ್ಲ’ ಎಂದು ಹೇಳಿದ ಕಾಲು ಶತಮಾನದ ನಂತರ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2013ರಲ್ಲಿ ರಚಿಸಿದ ಕಠಿಣ ಮಾರ್ಗಸೂಚಿಯನ್ನು ಸದಸ್ಯ ರಾಷ್ಟ್ರಗಳು ಪೂರ್ಣವಾಗಿ ಒಪ್ಪಲೇ ಇಲ್ಲ. 2023ರಲ್ಲಿ ಹೊರಬಂದ ಪರಿಷ್ಕೃತ ರೂಪದಲ್ಲಿ ಕೀಟನಾಶಕದಿಂದ ಕುಟುಂಬದ ಗಾತ್ರ ಶೇ 10ಕ್ಕಿಂತ ಹೆಚ್ಚು ಕುಗ್ಗಬಾರದು ಎಂದಿದೆ. ಹೆಣದ ಬದಲು ಕುಟುಂಬದ ಗಾತ್ರ ಅಳೆಯಲು ಹೊರಟದ್ದು ಒಳ್ಳೆಯದೇ. ಆದರೆ ಗೂಡು ತನ್ನ ನಷ್ಟವನ್ನು ಮುಚ್ಚಿಟ್ಟುಕೊಳ್ಳುವ ಜಾಣ್ಮೆಯನ್ನು ನೋಡಿದ ಮೇಲೆ, ಗಾತ್ರವೊಂದೇ ಸಾಕೇ ಎಂಬ ಅನುಮಾನ ನನಗಿದೆ.

ಕಾನೂನಿನ ಕಡೆಯಿಂದ ಯುರೋಪ್ ಮುಂದಿದೆ, ಎಡವುತ್ತಲೇ. 2013ರಲ್ಲಿ ಮೂರು ನಿಯೊನಿಕೋಟಿನಾಯ್ಡ್‌ಗಳಿಗೆ ಮಿತಿ ಹಾಕಿ, 2018ರಲ್ಲಿ ಬಯಲು ಬೆಳೆಗಳಿಗೆ ಪೂರ್ತಿ ನಿಷೇಧಿಸಿತು. ಬಳಿಕ ಹಲವು ದೇಶಗಳು ಸಕ್ಕರೆ ಬೀಟ್ ಬೆಳೆಯ ನೆಪದಲ್ಲಿ ವರ್ಷವರ್ಷವೂ ತುರ್ತು ವಿನಾಯಿತಿ ಕೊಟ್ಟವು. ಅದು ಸಲ್ಲದೆಂದು ಯುರೋಪಿಯನ್ ನ್ಯಾಯಾಲಯ 2023ರ ಜನವರಿಯಲ್ಲಿ ಹೇಳಬೇಕಾಯಿತು. 2025ರಲ್ಲಿ ಫ್ರಾನ್ಸಿನ ಸಂಸತ್ತು ಅಸಿಟಾಮಿಪ್ರಿಡ್ ಎಂಬ ಇನ್ನೊಂದು ನಿಯೊನಿಕೋಟಿನಾಯ್ಡನ್ನು ಮರಳಿ ತರಲು ಹೊರಟಾಗ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ವಿರೋಧಿಸಿ ಸಹಿ ಹಾಕಿದರು, ಆಗಸ್ಟಿನಲ್ಲಿ ಸಾಂವಿಧಾನಿಕ ಮಂಡಳಿ ಆ ವಿಧಿಯನ್ನು ಹೊಡೆದುಹಾಕಿತು. ರೈತರ ಆತಂಕವನ್ನು ತಳ್ಳಿಹಾಕುವಂತಿಲ್ಲ: ಬೀಟ್‌ಗೆ ಹಳದಿ ರೋಗ ತರುವ ಸಸ್ಯಹೇನು ನಿಜ, ಬದಲಿ ಔಷಧಿಗಳು ಕಡಿಮೆ. ಆದರೆ ಕೀಟವಿದೆಯೋ ಇಲ್ಲವೋ ನೋಡದೆ ಪ್ರತಿ ಬೀಜಕ್ಕೂ ಲೇಪಿಸುವುದು ರೋಗ ಬರುವ ಮೊದಲೇ ಊರಿಗೆಲ್ಲ ಔಷಧಿ ಕುಡಿಸಿದಂತೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ 2019ರಿಂದ ಇಂಥ ಬೀಜ ಬಿತ್ತಲು ಕೃಷಿ ತಜ್ಞರ ಚೀಟಿ ಕಡ್ಡಾಯ ಮಾಡಿತು. ಅಲ್ಲಿನ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳಲ್ಲಿ ಲೇಪನದಿಂದ ನಿಜವಾಗಿ ಪ್ರಯೋಜನವಾಗುವುದು ಶೇ 5ಕ್ಕಿಂತ ಕಡಿಮೆ ಕಡೆ ಎಂದು ಅಧ್ಯಯನವೊಂದು ತೋರಿಸಿದೆ.

ಕೀಟನಾಶಕವೊಂದನ್ನೇ ಹಿಡಿದು ಹೊರಟವರಿಗೆ 2025ರ ಆರಂಭದಲ್ಲಿ ಅಮೆರಿಕ ಇನ್ನೊಂದು ಪಾಠ ಕಲಿಸಿತು. ಆ ಚಳಿಗಾಲದಲ್ಲಿ ಅಲ್ಲಿನ ದೊಡ್ಡ ಜೇನು ಉದ್ಯಮಿಗಳು ಸರಾಸರಿ ಶೇ 60ಕ್ಕೂ ಹೆಚ್ಚು ಕುಟುಂಬಗಳನ್ನು ಕಳೆದುಕೊಂಡರು. ಸರ್ಕಾರಿ ಪ್ರಯೋಗಾಲಯ ಸತ್ತ ಗೂಡುಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ವೈರಸ್ಸುಗಳು, ಮತ್ತು ಅವನ್ನು ಹೊತ್ತ ನುಸಿಗಳು. ಅಮಿಟ್ರಾಜ್ ಎಂಬ ನುಸಿನಾಶಕವನ್ನು ಆ ನುಸಿಗಳು ಜೀರ್ಣಿಸಿಕೊಳ್ಳುವಷ್ಟು ಪಳಗಿದ್ದವು. ಒಂದೇ ಔಷಧಿಯನ್ನು ವರ್ಷಗಟ್ಟಲೆ ಬಳಸಿದರೆ ಹೊಲದ ಕೀಟ ಏನು ಮಾಡುತ್ತದೋ ಪೆಟ್ಟಿಗೆಯ ನುಸಿಯೂ ಅದನ್ನೇ ಮಾಡಿತು. ಇದನ್ನು ಕೇಳಿ ‘ನೋಡಿ, ಕೀಟನಾಶಕದ ತಪ್ಪಲ್ಲ’ ಎಂದವರೂ ಇದ್ದಾರೆ. ವೈರಸ್ ತಗುಲಿದ ನೊಣ ಅದಕ್ಕೆ ಮುನ್ನ ಏನು ಉಂಡಿತ್ತು, ಎಷ್ಟು ದಿನ ದುಡಿದಿತ್ತು ಎಂಬುದನ್ನು ಸತ್ತ ಗೂಡಿನ ಪರೀಕ್ಷೆ ಹೇಳಲಾರದು.

ಕೊನೆಯದಾಗಿ ಸ್ವೀಡನ್ನಿನ ಒಂದು ಪ್ರಯೋಗ. ದಕ್ಷಿಣ ಸ್ವೀಡನ್ನಿನಲ್ಲಿ ಹದಿನಾರು ರೇಪ್‌ಸೀಡ್ ಹೊಲಗಳನ್ನು ಆರಿಸಿ, ಎಂಟಕ್ಕೆ ಕ್ಲೋಥಿಯಾನಿಡಿನ್ ಲೇಪಿಸಿದ ಬೀಜ, ಎಂಟಕ್ಕೆ ಲೇಪಿಸದ ಬೀಜ ಬಿತ್ತಿದರು. ಪ್ರತಿ ಹೊಲದ ಅಂಚಿನಲ್ಲೂ ಜೇನುಪೆಟ್ಟಿಗೆ, ದುಂಬಿಗಳ ಗೂಡು, ಮತ್ತು ಒಂಟಿಯಾಗಿ ಬದುಕುವ ಮೇಸನ್ ಜೇನಿನ ಕೋಶಗಳನ್ನಿಟ್ಟರು. 2015ರಲ್ಲಿ ಫಲಿತಾಂಶ ಹೊರಬಂದಾಗ ಜೇನುಪೆಟ್ಟಿಗೆಗಳಲ್ಲಿ ಗುರುತಿಸಬಹುದಾದ ವ್ಯತ್ಯಾಸವಿರಲಿಲ್ಲ. ಲೇಪನವಿದ್ದ ಹೊಲಗಳ ಬಳಿ, ಕೆಲವು ನೂರು ನೊಣಗಳ ದುಂಬಿ ಗೂಡುಗಳ ತೂಕ ಏರಲಿಲ್ಲ. ಮೇಸನ್ ಜೇನಿಗೆ ರಾಣಿಯಿಲ್ಲ, ದಾದಿಯಿಲ್ಲ, ಬದಲಿಗೆ ನಿಲ್ಲುವ ತಂಗಿಯರಿಲ್ಲ. ಹೆಣ್ಣೊಂದು ಟೊಳ್ಳು ಕೊಳವೆ ಹುಡುಕಿ, ತಾನೇ ಪರಾಗದ ಮುದ್ದೆ ತಂದು, ಮೊಟ್ಟೆಯಿಟ್ಟು, ಮಣ್ಣಿನಿಂದ ಮೆತ್ತಿ ಮುಚ್ಚುತ್ತದೆ. ಲೇಪನವಿಲ್ಲದ ಎಂಟು ಹೊಲಗಳಲ್ಲಿ ಆರರ ಅಂಚಿನಲ್ಲಿ ಅವು ಗೂಡು ಕಟ್ಟಿದವು. ಲೇಪನವಿದ್ದ ಎಂಟರಲ್ಲೂ ಒಂದು ಕೊಳವೆಗೂ ಮಣ್ಣು ಮೆತ್ತಿರಲಿಲ್ಲ.